ಬಂಡೆಗೆ ಕಟ್ಟಿದ ಹಲ್ಲು

ಜನವರಿ ೧೧

ಅಪ್ಪನಿಗೆ,

ನಿನ್ನೆ ನನ್ನ ಮಾತು ಮುಗಿಯುವ ಮೊದಲೇ ನೀನು ಫೋನು ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ಅರ್ಧಕ್ಕೆ ಇಡುವುದು ಕಷ್ಟ. ಇಟ್ಟರೂ ಅದು ನಿನ್ನ ಕೆಲಸದ ಮೇಜಿನ ಮೇಲೆ, ಅಚ್ಚಿನಿಂದ ತೆಗೆದ ಕಟ್ಟುಹಲ್ಲುಗಳ ಪಕ್ಕದಲ್ಲಿ, ನಿನ್ನನ್ನೇ ನೋಡುತ್ತ ಬಿದ್ದಿರುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಗಣಿಯವರ ಗುತ್ತಿಗೆ ಮುಗಿದಿದೆ. ಮೂವತ್ತೊಂದು ವರ್ಷ ಬಂಡೆಯ ಸುತ್ತ ಇದ್ದ ತಂತಿಬೇಲಿಯನ್ನು ಕಳೆದ ತಿಂಗಳು ಕಿತ್ತರು. ನೀನೂ ಮಾವನೂ ಏರಿದ ಮೇಲೆ ಓರೆಬಿರುಕನ್ನು ಇದುವರೆಗೆ ಯಾರೂ ಏರಿಲ್ಲ. ಏಪ್ರಿಲ್ ಹದಿನಾಲ್ಕರ ಭಾನುವಾರ ನಾನು ಏರುತ್ತೇನೆ. ಮುಂದಾಳು ನಾನು, ಕೆಳಗೆ ನಿಂತು ಹಗ್ಗ ಹಿಡಿಯುವವರು ಮಾವ. ಎರಡು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದೇನೆ. ನಿನಗೆ ತಿಳಿಸಲಿಲ್ಲ, ಅವರ ಹೆಸರೆತ್ತಿದರೆ ನೀನು ಊಟದ ತಟ್ಟೆ ಬಿಟ್ಟು ಏಳುತ್ತೀಯೆ.

‘ನಿನಗೇನು ಗೊತ್ತು ಅದರ ವಿಷಯ’ ಎಂದು ಕೇಳಿದೆಯಲ್ಲ? ನೀನೇ ಮರೆತಿರಬಹುದು, ನೆನಪಿಸುತ್ತೇನೆ. ಮುಂದಾಳು ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಏರುತ್ತಾನೆ. ಹತ್ತಡಿಗೊಮ್ಮೆ ಬಿರುಕು ಕಿರಿದಾಗುವ ಜಾಗವನ್ನು ಹುಡುಕಿ, ಲೋಹದ ಬೆಣೆಯೊಂದನ್ನು ಕೈಯಿಂದಲೇ ಕೂರಿಸಿ, ಅದರ ಕೊಂಡಿಗೆ ಹಗ್ಗವನ್ನು ತೂರಿಸುತ್ತಾನೆ. ಬಿದ್ದರೆ ಆ ಬೆಣೆ ಹಿಡಿಯಬೇಕು. ಹಿಂದೆ ಬರುವವನು ಅವನ್ನೆಲ್ಲ ಬಿಡಿಸಿಕೊಂಡು ಬರುತ್ತಾನೆ. ಸುತ್ತಿಗೆ ಕೂಡದು, ಮೊಳೆ ಕೂಡದು. ಬಂಡೆ ಹೇಗಿತ್ತೋ ಹಾಗೆ ಉಳಿಯಬೇಕು. ಬಂಡೆ ಏರುವವರ ಸಂಘದ ಈ ಕಟ್ಟಳೆಯನ್ನು ಮೊದಲು ಪಾಲಿಸಿ ತೋರಿಸಿದವರು ನೀವಿಬ್ಬರೇ. ಹಳೆಯ ಕೈಪಿಡಿಯಲ್ಲಿ ಹೀಗಿದೆ: ‘ಓರೆಬಿರುಕು. ನೂರಹತ್ತು ಅಡಿ. ಕಷ್ಟ ಮಧ್ಯಮ. ಸುತ್ತಿಗೆ ಮುಟ್ಟದೆ ಏರಿದ್ದು.’ ಕೆಳಗೆ ಎರಡು ಹೆಸರು. ಯಾರು ಮುಂದಾಳು ಎಂಬುದನ್ನು ಮಾತ್ರ ನೀವಿಬ್ಬರೂ ಎಂದೂ ಬಾಯಿಬಿಟ್ಟು ಹೇಳಿಲ್ಲ.

ನಾನು ದಿನವೂ ಲಿಫ್ಟುಗಳ ಉಕ್ಕಿನ ಹಗ್ಗಗಳನ್ನು ಎಳೆಎಳೆಯಾಗಿ ನೋಡಿ ಸಹಿ ಹಾಕುವವಳು. ಆ ಸಹಿಯನ್ನು ನಂಬಿ ಗುರುತಿಲ್ಲದ ಸಾವಿರ ಜನ ಮೇಲೆ ಕೆಳಗೆ ಓಡಾಡುತ್ತಾರೆ. ನಂಬದವನು ನೀನೊಬ್ಬ.

ನೀನು ಫೋನು ಇಟ್ಟ ಮೇಲೆ ಅಮ್ಮ ಮಾಡಿದ್ದಳು. “ನಿಮ್ಮಪ್ಪ ಹಲ್ಲು ಕಿತ್ತ ಹಾವಿನ ಥರ ಬುಸ್ ಅಂತಿದಾರೆ ಕಣೇ. ಕಚ್ಚಲ್ಲ ಬಿಡು, ಆದ್ರೆ ಹುತ್ತಕ್ಕೆ ಯಾಕೆ ಕೈ ಹಾಕ್ತೀಯ?” ಅಂದಳು. ಹುತ್ತದಲ್ಲಿ ಏನಿದೆಯೆಂದು ಅವಳಿಗೂ ಗೊತ್ತಿದ್ದಂತಿಲ್ಲ.

ಒಪ್ಪಿಗೆ ಕೇಳುತ್ತಿಲ್ಲ. ದಿನಾಂಕವನ್ನು ತಿಳಿಸಿದ್ದೇನೆ.

ನಿನ್ನ ಮಗಳು


ಜನವರಿ ೨೦

ನನ್ನ ಹೆಂಡತಿಯ ಅಣ್ಣನವರಿಗೆ,

ಕುಶಲ ವಿಚಾರಿಸುವ ಉದ್ದೇಶದಿಂದ ಬರೆಯುತ್ತಿಲ್ಲವೆಂಬುದು ನಿಮಗೆ ತಿಳಿದಿರುತ್ತದೆ.

ನನ್ನ ಮಗಳನ್ನು ನನ್ನ ಬೆನ್ನ ಹಿಂದೆ ಎರಡು ವರ್ಷ ಬಂಡೆಗಳಿಗೆ ಅಂಟಿಸಿದ್ದೀರಿ. ನಿಮಗೆ ಮಕ್ಕಳಿಲ್ಲ, ಇನ್ನೊಬ್ಬರ ಮಕ್ಕಳನ್ನು ಎತ್ತರಕ್ಕೆ ಕಳಿಸಿ ಕೆಳಗೆ ನಿಂತು ಕತ್ತೆತ್ತಿ ನೋಡುವುದು ನಿಮಗೆ ಸುಲಭ. ಅದನ್ನೂ ಸಹಿಸಬಹುದಿತ್ತು. ಓರೆಬಿರುಕಿನ ಹೆಸರನ್ನು ಅವಳ ಕಿವಿಗೆ ಹಾಕಿದವರು ಯಾರೆಂದು ಕೇಳುವ ಅಗತ್ಯವಿಲ್ಲ.

ಅವಳು ಅದನ್ನು ಏರಕೂಡದು. ಕಾರಣ ನಿಮಗೆ ಗೊತ್ತಿರುವುದರಿಂದ ಬರೆದು ಕಾಗದವನ್ನು ಹೊಲಸು ಮಾಡುವುದಿಲ್ಲ. ಗಣಿಯ ಸಿಡಿತದಿಂದ ಬಂಡೆ ಮೂವತ್ತು ವರ್ಷದಲ್ಲಿ ಸಡಿಲಾಗಿದೆಯೆಂದು ಹೇಳಿ. ಅದು ಪೂರ್ತಿ ಸುಳ್ಳಾಗಬೇಕೆಂದೇನೂ ಇಲ್ಲ. ನೀವು ನೆಲ ಅಳೆಯುವ ಇಲಾಖೆಯಲ್ಲಿ ಕೂದಲು ನೆರೆಸಿದವರು. ನೀವು ಅಳೆದು ನೋಡಿ ಬೇಡವೆಂದರೆ ಅವಳು ಮರುಮಾತಾಡುವುದಿಲ್ಲ. ನಾನು ಬೇಡವೆಂದರೆ ನಾಳೆಯೇ ಹೊರಡುತ್ತಾಳೆ.

ಇಷ್ಟು ಮಾಡಿ. ಉತ್ತರದ ಅಗತ್ಯವಿಲ್ಲ.

ನಿಮ್ಮ ತಂಗಿಯ ಗಂಡ


ಫೆಬ್ರವರಿ ೨

ಹಲ್ಲಯ್ಯ,

ಉತ್ತರ ಬೇಡವೆಂದಿದ್ದೀಯೆ, ಬರೆಯುತ್ತಿದ್ದೇನೆ. ‘ನೀವು’ ಎಂದು ಬಹುವಚನ ಕೊಟ್ಟಿದ್ದೀಯೆ. ಮೂವತ್ತೊಂದು ವರ್ಷ ಬಾಯಿ ಕಟ್ಟಿಕೊಂಡದ್ದಕ್ಕೆ ನಿನ್ನಲ್ಲಿ ಅಷ್ಟಾದರೂ ಮರ್ಯಾದೆ ಮೊಳೆಯಿತಲ್ಲ.

ಬಂಡೆ ಸಡಿಲಾಗಿಲ್ಲ. ಹೋಗಿ ಕೆಳಗಿನ ಐವತ್ತಡಿಯನ್ನು ಕೈಯಿಂದ ತಟ್ಟಿ ನೋಡಿ ಬಂದೆ. ಮೂವತ್ತಾರು ವರ್ಷ ನೆಲ ಅಳೆದ ನಾನು ಒಂದು ಗೇಣನ್ನೂ ತಪ್ಪಾಗಿ ಬರೆಯಲಿಲ್ಲ. ಬದುಕಿನಲ್ಲಿ ಬರೆದ ಸುಳ್ಳು ಒಂದೇ, ಅದೂ ನಿನಗಾಗಿ. ಎರಡನೆಯದನ್ನೂ ನನ್ನಿಂದಲೇ ಬರೆಸಬೇಕೆಂದು ಹೊರಟಿದ್ದೀಯೆ.

ಕಾಗದ ಹೊಲಸಾಗುವುದಾದರೆ ಆಗಲಿ, ನಾನು ಬರೆಯುತ್ತೇನೆ. ಎಪ್ಪತ್ತಡಿಯ ಎತ್ತರದಲ್ಲಿ ಬಿರುಕು ಹೊರಕ್ಕೆ ಬಾಯಿ ಬಿಡುತ್ತದೆ. ಅಲ್ಲಿ ಬೆಣೆ ಕೂರಲಿಲ್ಲ. ಮುಂದಾಳು ನೀನು, ಕೆಳಗೆ ಹಗ್ಗ ಹಿಡಿದವನು ನಾನು. ನಿನ್ನ ಬಲಗಾಲು ಚಳಿಜ್ವರ ಬಂದವನ ಹಾಗೆ ನಡುಗುತ್ತಿತ್ತು. “ಇಳಿದು ಬಾರೋ, ಬಂಡೆ ಎಲ್ಲೂ ಓಡಿಹೋಗಲ್ಲ” ಅಂದೆ. “ಸುಮ್ನಿರೋ ಏಣಿ” ಅಂದೆ ನೀನು. ಆಮೇಲೆ ಚೀಲದಿಂದ ಸುತ್ತಿಗೆ ತೆಗೆದೆ. ಅದು ಚೀಲದಲ್ಲಿದೆಯೆಂದು ನನಗೆ ಹೇಳಿರಲೇ ಇಲ್ಲ. ಎಂಟು ಏಟು, ಒಂದೊಂದನ್ನೂ ಎಣಿಸಿದೆ. ಆ ಮೊಳೆಯನ್ನು ಹಿಡಿದು ನಿಂತು ನೀನು ದಾಟಿದೆ. ಆಮೇಲೆ ಸುತ್ತಿಗೆಯನ್ನು ಹಗ್ಗದಲ್ಲಿ ಇಳಿಬಿಟ್ಟೆ. ಹಿಂದೆ ಬರುತ್ತ ಮೊಳೆಯನ್ನು ಬಡಿದು ಕಿತ್ತವನು ನಾನು.

ಮೇಲೆ ಚಾಚುಗಲ್ಲಿನ ಬಳಿ ನನ್ನ ಕೈ ಸೋತಿತ್ತು. ನೀನು ಅಂಚಿನಲ್ಲಿ ಕೂತು, ಬಗ್ಗಿ, ಕೈ ಕೊಟ್ಟು ಎಳೆದುಕೊಂಡೆ. ಆ ಕೈಯನ್ನು ನೆನೆದೇ ನಾನು ಕೈಪಿಡಿಯಲ್ಲಿ ‘ಸುತ್ತಿಗೆ ಮುಟ್ಟದೆ’ ಎಂದು ಬರೆದೆ. ನನ್ನ ತಂಗಿಯ ಜೊತೆ ನಿನ್ನ ಮದುವೆಗೆ ಮೂರು ವಾರವಿತ್ತು, ಅದೂ ಒಂದು ಕಾರಣ. ಮುಂದಿನ ವಾರ ನೀನೊಬ್ಬನೇ ಮೇಲಿನಿಂದ ಹಗ್ಗ ಬಿಟ್ಟು ಇಳಿದು, ಮೊಳೆಯ ತೂತಿಗೆ ಹಲ್ಲು ಕೂರಿಸುವ ಸಿಮೆಂಟು ತುಂಬಿ ಬಂದೆ. “ನೋಡೋ, ನನಗೇ ಗುರುತು ಸಿಗಲ್ಲ” ಎಂದು ಬೀಗಿದೆ. ಸಂಘದವರು ಚಪ್ಪಾಳೆ ತಟ್ಟಿದ ದಿನ “ಈಗಲೂ ಹೇಳಿಬಿಡೋ” ಎಂದು ಕಿವಿಯಲ್ಲಿ ಹೇಳಿದ್ದಕ್ಕೆ “ನಿನಗೆ ಹೊಟ್ಟೆಕಿಚ್ಚು” ಅಂದೆ. ನಮ್ಮ ಮಾತು ಅಲ್ಲಿಗೆ ನಿಂತಿತು. ಕಳ್ಳನಿಗೆ ಪೊಲೀಸರಿಗಿಂತ ಸಾಕ್ಷಿಯ ಮೇಲೆ ಸಿಟ್ಟು ಹೆಚ್ಚು.

ಬೇಲಿ ಇದ್ದಷ್ಟು ದಿನ ಆ ಸುಳ್ಳು ಯಾರನ್ನೂ ಕೊಲ್ಲುವಂತಿರಲಿಲ್ಲ. ಈಗ ಅವಳು ಅಲ್ಲಿ ಬೆಣೆ ಇಡುತ್ತಾಳೆ. ಅದು ನಿನ್ನ ಸಿಮೆಂಟಿನ ಮೇಲೆ ಕೂರುತ್ತದೆ. ಅವಳು ಜಾರಿದರೆ ಮುದುಕನ ಹಲ್ಲು ಉದುರಿದ ಹಾಗೆ ಉದುರುತ್ತದೆ. ನಲವತ್ತಡಿಯಲ್ಲಿ ಚಪ್ಪಡಿಯೊಂದು ಹೊರಚಾಚಿದೆ, ನಿನಗೆ ನೆನಪಿರಬೇಕು. ಅವಳು ಬೀಳುವುದು ಅದರ ಮೇಲೆ.

ಮಾರ್ಚ್ ಹದಿನೈದರೊಳಗೆ ನೀನೇ ಅವಳಿಗೆ ಹೇಳು.

ನೀನು ಹತ್ತಿ ಒದ್ದ
ಏಣಿ


ಫೆಬ್ರವರಿ ೨೭

ನನ್ನ ಹೆಂಡತಿಯ ಅಣ್ಣನವರಿಗೆ,

ಮೂರು ಸಲ ಅವಳಿಗೆ ಬರೆಯಲು ಕೂತೆ. ಮೂರು ಸಲವೂ ‘ಮಗಳೇ’ ಎಂದು ಬರೆದು ಲೇಖನಿಯನ್ನು ಕೆಳಗಿಟ್ಟೆ.

ಏಳು ವರ್ಷದವಳಿದ್ದಾಗ ಶಾಲೆಯಲ್ಲಿ ಎದ್ದು ನಿಂತು “ನಮ್ಮಪ್ಪ ಬಂಡೆಗೆ ನೋವಾಗದ ಹಾಗೆ ಬಂಡೆ ಹತ್ತಿದಾರೆ” ಎಂದು ಹೇಳಿ ಬಂದಳು. ನಾನು ಆಗ ಯಾರದೋ ದವಡೆಯ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದನ್ನು ಮೇಜಿನ ಮೇಲಿಟ್ಟು ಅವಳಿಗೆ ಹೇಳಬಹುದಿತ್ತು. ಇಡಲಿಲ್ಲ. ಅವಳಿಗೆ ಈಗ ಇಪ್ಪತ್ತೆಂಟು. ನನ್ನ ಬಗ್ಗೆ ಅವಳಿಗಿರುವ ಸಿಟ್ಟುಗಳನ್ನೆಲ್ಲ ಎತ್ತಿ ಆಚೆಗಿಟ್ಟರೆ ತಳದಲ್ಲಿ ಉಳಿಯುವ ಗೌರವ ಇದೊಂದೇ.

ಆದ್ದರಿಂದ ಹೀಗೆ ಮಾಡಿ. ‘ಮೊಳೆ ಹೊಡೆದವನು ನಾನು’ ಎಂದು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡು ನೀವು ಹೇಳಿ. ಯಾರು ಮುಂದಾಳು ಎಂದು ಕೈಪಿಡಿಯಲ್ಲಿ ಇಲ್ಲ. ತೂತು ಎಲ್ಲಿದೆಯೆಂದು ಅವಳಿಗೆ ತಿಳಿದರೆ ಸಾಕು. ಯಾರ ಕೈಯಿಂದ ಎಂಬುದರಿಂದ ಬೆಣೆಗೆ ಏನೂ ವ್ಯತ್ಯಾಸವಿಲ್ಲ. ನಿಮಗೆ ಹೋಗುವುದೇನು? ಅವಳು ಒಂದು ತಿಂಗಳು ಮುನಿಸಿಕೊಂಡಾಳು. ಮಾವನೊಡನೆ ಮುನಿಸಿಕೊಳ್ಳುವುದು ಲೋಕದಲ್ಲಿ ಇದ್ದದ್ದೇ.

ಅಲ್ಲದೆ ಆ ವಾಕ್ಯವನ್ನು ಬರೆದ ಕೈ ನಿಮ್ಮದು, ಅಚ್ಚು ಹಾಕಿಸಿದವರು ನೀವು. ಪೂರ್ತಿ ಸುಳ್ಳೆಂದು ನೀವು ಹೇಗೆ ಹೇಳುತ್ತೀರಿ?

ನಿಮ್ಮ ತಂಗಿಯ ಗಂಡ


ಮಾರ್ಚ್ ೧೯

ಹಲ್ಲಯ್ಯ,

ನೀನು ಕೇಳಿದ್ದು ಆಗಿದೆ. ಹದಿನೈದರವರೆಗೆ ಕಾದೆ, ನೀನು ಹೇಳಲಿಲ್ಲ. ಹದಿನೇಳರಂದು ನಾನು ಹೇಳಿದೆ.

ನಿನ್ನ ಮೇಲಿನ ಕರುಣೆಯಿಂದ ಎಂದು ತಿಳಿಯಬೇಡ. ನಾನು ನಿಜ ಹೇಳಿದರೆ ಅವಳು ನಿನ್ನನ್ನು ಕೇಳುತ್ತಾಳೆ. ನೀನು ಇಲ್ಲವೆನ್ನುತ್ತೀಯೆ. ಆಮೇಲೆ ಇಬ್ಬರಲ್ಲಿ ಒಬ್ಬನನ್ನು ನಂಬಿ ಏರುತ್ತಾಳೆ, ಮಗಳಾದ್ದರಿಂದ ನಿನ್ನನ್ನೇ ನಂಬುತ್ತಾಳೆ. ತಪ್ಪನ್ನು ನನ್ನ ಮೇಲೆ ಹೊತ್ತುಕೊಂಡರೆ ನೀನು ಇಲ್ಲವೆನ್ನುವುದಿಲ್ಲ. ಆ ಒಂದು ವಿಷಯದಲ್ಲಿ ನಿನ್ನನ್ನು ಪೂರ್ತಿ ನೆಚ್ಚಬಹುದು.

ಹಗ್ಗ ತೊಳೆದು ಹಜಾರದಲ್ಲಿ ಒಣಹಾಕುತ್ತಿದ್ದೆ. ಅವಳು ಒಂದು ತುದಿ ಹಿಡಿದುಕೊಂಡಿದ್ದಳು.

“ಎಪ್ಪತ್ತಡಿ ಮೇಲೆ, ಬಿರುಕು ಬಾಯಿ ಬಿಡೋ ಕಡೆ ಬೆಣೆ ಇಡಬೇಡ. ಅಲ್ಲಿ ಮೊಳೆ ಹೊಡೆದಿದ್ದೆ. ತೂತು ಮುಚ್ಚಿದೀನಿ.”

“ತಮಾಷೆ ಸಾಕು ಮಾವ.”

“ತಮಾಷೆ ಮಾಡೋ ಮುಖಾನಾ ಇದು?”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. “ಅಪ್ಪಂಗೆ ಗೊತ್ತಾ?”

“ಗೊತ್ತು. ಸಿಮೆಂಟು ಅವನದೇ, ಕೈ ನನ್ನದು.”

“ಅದಕ್ಕೇ ಅಪ್ಪ ನಿಮ್ಮ ಹತ್ರ ಮಾತು ಬಿಟ್ಟಿದ್ದು.”

ನಾನು ಹಗ್ಗದ ಮುಂದಿನ ಸುತ್ತನ್ನು ಬಿಡಿಸಿದೆ.

“ಇಷ್ಟು ವರ್ಷ ನಿಮ್ಮ ಮಾನ ಮುಚ್ಚಿಕೊಂಡು ಬಂದಿದಾರೆ. ನಾನು ಅವರನ್ನೇ ಹೊಟ್ಟೆಕಿಚ್ಚಿನವರು ಅಂದ್ಕೊಂಡಿದ್ದೆ. ನೀವು ನನಗೆ ಹೇಳಿಕೊಟ್ಟ ಮೊದಲನೇ ಪಾಠ ಏನು ಮಾವ? ‘ಬಂಡೆ ಹತ್ರ ಸುಳ್ಳು ನಡೆಯಲ್ಲ.’ ಥೂ!”

ತನ್ನ ಕೈಯಲ್ಲಿದ್ದ ತುದಿಯನ್ನು ನೆಲಕ್ಕೆ ಬಿಟ್ಟು ಹೋದಳು. ಹಗ್ಗವನ್ನು ನೆಲಕ್ಕೆ ಬಿಡಕೂಡದೆಂದು ಅವಳಿಗೆ ಕಲಿಸಿದವನೂ ನಾನೇ.

ಸಂಘಕ್ಕೂ ಬರೆದು ತಿಳಿಸಿದ್ದೇನೆ. ಹೊಸ ಕೈಪಿಡಿಯ ಕೆಲಸವನ್ನು ನನ್ನಿಂದ ವಾಪಸು ಪಡೆದಿದ್ದಾರೆ. ಹನ್ನೊಂದು ವರ್ಷ ಅಳೆದ ನೂರಾನಲವತ್ತು ಬಂಡೆಗಳ ನಕ್ಷೆಯನ್ನು ನಿನ್ನೆ ಒಬ್ಬ ಬಂದು ಗ್ರಾಮಾಂತರ ಬಸ್ಸಿನಲ್ಲಿ ಹೊತ್ತುಕೊಂಡು ಹೋದ.

ಇನ್ನು ನನಗೆ ಬರೆಯಬೇಡ. ನನ್ನ ತಂಗಿಗೆ ಏನಾದರೂ ಆದರೆ ಮಾತ್ರ ತಿಳಿಸು.

ಸಹಿ ಬೇಡವೆನಿಸುತ್ತದೆ.


ಏಪ್ರಿಲ್ ೪

ಅಪ್ಪಾ,

ಮಾವ ಹೇಳಿದರು. ನೀನು ಏಕೆ ಹೇಳಲಿಲ್ಲವೆಂದು ಈಗ ಅರ್ಥವಾಗಿದೆ. ಜನವರಿಯಲ್ಲಿ ಬರೆದ ಕಾಗದಕ್ಕೆ ನಾಚಿಕೆಯಾಗುತ್ತಿದೆ, ಅದನ್ನು ಸುಟ್ಟುಬಿಡು.

ಆ ಮನುಷ್ಯನ ಹೆಸರನ್ನು ಇನ್ನು ನನ್ನೆದುರು ಎತ್ತುವುದು ಬೇಡ. ಅಮ್ಮ ಅಳುತ್ತಾಳೆ, ಅಳಲಿ. “ನಮ್ಮಣ್ಣ ಅಂಥವನಲ್ಲ ಕಣೇ, ಅಳತೆಪಟ್ಟಿ ನುಂಗಿ ಹುಟ್ಟಿದವನು ಅವನು” ಅನ್ನುತ್ತಾಳೆ. ತಂಗಿಯ ಕಣ್ಣಿಗೆ ಅಣ್ಣ ಯಾವಾಗಲೂ ನೆಟ್ಟಗೆ.

ಏರುವುದನ್ನು ಮಾತ್ರ ಬಿಡಲಾರೆ. ಈಗ ಇನ್ನೂ ಬಿಡಲಾರೆ: ಸುತ್ತಿಗೆ ಮುಟ್ಟದೆ ಅದನ್ನು ನಿಜವಾಗಿ ಏರಿದವರು ನಮ್ಮ ಮನೆಯವರೇ ಆಗಿರಬೇಕು. ಹಗ್ಗ ಹಿಡಿಯಲು ನನ್ನ ಗೆಳತಿ ಬರುತ್ತಾಳೆ; ಲಿಫ್ಟಿನ ಬಾವಿಗಳಿಗೆ ನನ್ನ ಜೊತೆ ಇಳಿಯುವವಳು, ಕೈ ಗಟ್ಟಿ.

ಲೆಕ್ಕ ಹಾಕಿದ್ದೇನೆ. ಅರವತ್ತಡಿಯಲ್ಲಿ ಒಂದು ಒಳ್ಳೆಯ ಬೆಣೆ. ಎಪ್ಪತ್ತರ ಆ ಹಾಳು ಜಾಗವನ್ನು ಮುಟ್ಟದೆ ದಾಟುತ್ತೇನೆ. ಅಲ್ಲಿಂದ ಎಂಬತ್ತೆಂಟಡಿಯವರೆಗೆ ಏನೂ ಇಲ್ಲ. ಉದ್ದವೇ, ಆದರೆ ಕೊನೆಯಲ್ಲಿ ಏನಿದೆಯೆಂದು ಗೊತ್ತಿದ್ದರೆ ಹೆದರಿಕೆಯಿಲ್ಲ. ಕೈಪಿಡಿಯಲ್ಲಿ ಆ ಜಾಗದ ಬಗ್ಗೆ ಇರುವ ಸಾಲು ನಿನ್ನದೆಂದು ಮಾವ ಹಿಂದೊಮ್ಮೆ ಹೇಳಿದ್ದರು: ‘ಚಾಚುಗಲ್ಲಿಗೆ ಮೂರಡಿ ಕೆಳಗೆ ನಡುಗಾತ್ರದ ಬೆಣೆಗೆ ಹೇಳಿ ಮಾಡಿಸಿದಂಥ ಕಚ್ಚು, ಕಣ್ಣು ಮುಚ್ಚಿ ನಂಬಬಹುದು.’ ಅಲ್ಲಿ ಬೆಣೆ ಕೂರಿಸಿ, ಪೂರ್ತಿ ಭಾರ ಬಿಟ್ಟು ಜೋತುಬಿದ್ದು, ಕೈ ಕೊಡವಿಕೊಳ್ಳುತ್ತೇನೆ. ಆಮೇಲೆ ಉಳಿಯುವುದು ಏಣಿ ಹತ್ತಿದಂತೆ. (ಸಂಘದವರು ಆ ಮನುಷ್ಯನಿಗಿಟ್ಟ ಹೆಸರು. ಈ ಪದವನ್ನೂ ಬಿಡಬೇಕು.)

ಹದಿನಾಲ್ಕರಂದು ಬೆಳಿಗ್ಗೆ ಬರುತ್ತೀಯಾ? ಬಂಡೆಯ ಬುಡದಲ್ಲಿ ನಿಂತರೆ ಸಾಕು.

ನಿನ್ನ ಮಗಳು


ಏಪ್ರಿಲ್ ೯

ಮಗಳೇ,

ಎಂಬತ್ತೆಂಟಡಿಯ ಕಚ್ಚಿಗೆ ಬೆಣೆ ಇಡಬೇಡ. ಅದು ಬಂಡೆಯಲ್ಲ. ಅದನ್ನು ಮಾಡಿದವನು ನಾನು.

ಇಷ್ಟು ಓದಿ ಉಳಿದದ್ದನ್ನು ಹರಿದುಹಾಕಿದರೂ ಸರಿ.

ಇದನ್ನು ಅಂಚೆಗೆ ಹಾಕಲಿಲ್ಲ. ಮೊನ್ನೆ ಎರಡು ಸಲ ಫೋನು ಮಾಡಿದೆ. “ಹೇಳಪ್ಪಾ” ಎಂಬ ನಿನ್ನ ಧ್ವನಿ ಕೇಳಿ ಒಮ್ಮೆ ನಿಮ್ಮಮ್ಮನ ಕೈಗೆ ಕೊಟ್ಟೆ, ಒಮ್ಮೆ ಇಟ್ಟುಬಿಟ್ಟೆ. ಬೆಳಗಿನ ಬಸ್ಸಿಗೆ ಬಂದು ನಿನ್ನ ಕಚೇರಿಯ ಕಾವಲುಗಾರನಿಗೆ ಕೊಡುತ್ತೇನೆ. ಅವನ ಪುಸ್ತಕದಲ್ಲಿ ಸಹಿ ಹಾಕಿ ತೆಗೆದುಕೋ. ನೀನು ತೆಗೆದುಕೊಂಡೆಯೆಂದು ಅವನು ಕೈಸನ್ನೆ ಮಾಡುವವರೆಗೆ ಎದುರಿನ ಬಸ್ಸು ನಿಲ್ದಾಣದ ಬೆಂಚಿನಲ್ಲಿ ಕೂತಿರುತ್ತೇನೆ.

ನಿಮ್ಮ ಮಾವ ಮೊಳೆ ಹೊಡೆಯಲಿಲ್ಲ. ಮುಂದಾಳು ನಾನು. ಎಪ್ಪತ್ತಡಿಯಲ್ಲಿ ಹೊಡೆದವನು ನಾನು, ಮುಚ್ಚಿದವನು ನಾನು. ಅದನ್ನು ತನ್ನ ಮೇಲೆ ಹೊತ್ತುಕೊಳ್ಳೆಂದು ನಾನು ಅವನನ್ನು ಕೇಳಿದೆ, ಅವನು ಹೊತ್ತುಕೊಂಡ. ತನಗೆ ಗೊತ್ತಿದ್ದಷ್ಟನ್ನು ನಿನಗೆ ಹೇಳಿದ. ಎರಡನೆಯ ಮೊಳೆಯ ವಿಷಯ ಅವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಬಾಯಿಬಿಟ್ಟ ಜಾಗವನ್ನು ದಾಟಿದ ಮೇಲೆ ಬಿರುಕು ಒಂದು ಉಬ್ಬಿನ ಆಚೆಗೆ ಮರೆಯಾಗುತ್ತದೆ. ಕೆಳಗಿನವನಿಗೆ ನಾನು ಕಾಣುತ್ತಿರಲಿಲ್ಲ. ಹದಿನೆಂಟಡಿ ಏರಿದೆ, ಒಂದು ಬೆಣೆಯೂ ಕೂರಲಿಲ್ಲ. ಚಾಚುಗಲ್ಲು ತಲೆಯ ಮೇಲೆ ಮೂರೇ ಅಡಿ. ಮುಷ್ಟಿ ಬಿರುಕಿನಿಂದ ಜಾರುತ್ತಿತ್ತು, ರಕ್ತಕ್ಕೋ ಬೆವರಿಗೋ ತಿಳಿಯದು. ಆ ಹೊತ್ತಿಗೆ, ಆಗಷ್ಟೇ ಪಕ್ಕದಲ್ಲಿ ತೆರೆದಿದ್ದ ಗಣಿಯಲ್ಲಿ ಕಲ್ಲು ಅರೆಯುವ ಯಂತ್ರ ಶುರುವಾಯಿತು. ಸುತ್ತಿಗೆಯ ಸದ್ದು ಅದರಲ್ಲಿ ಮುಳುಗಿತು. ಮೊಳೆಯನ್ನು ಹಿಡಿದು ಮೇಲೇರಿ, ಅಂಚಿನಲ್ಲಿ ಮಲಗಿ ಕೈ ಇಳಿಬಿಟ್ಟು, ಅದನ್ನು ಬಡಿದು ಕಿತ್ತುಕೊಂಡೆ. ಆಮೇಲಷ್ಟೇ ಸುತ್ತಿಗೆಯನ್ನು ಅವನಿಗೆ ಇಳಿಬಿಟ್ಟೆ. ಅವನು ಬರುವಾಗ ಗಾಯ ಕಾಣದಂತೆ ಅದರ ಮೇಲೆ ಕಾಲು ಇಳಿಬಿಟ್ಟು ಕೂತೆ. ಅವನು ಹತ್ತಿರ ಬಂದ ಕೂಡಲೇ ಕೈ ಕೊಟ್ಟು ಎಳೆದುಕೊಂಡೆ, ಬೇಗ, ಅವನು ಅಲ್ಲಿ ನಿಂತು ನೋಡದಿರಲೆಂದು. ಆ ಕೈಯನ್ನು ಅವನು ಇಂದಿಗೂ ನನ್ನ ಒಳ್ಳೆಯತನವೆಂದು ನೆನೆಯುತ್ತಾನೆ. ಫೆಬ್ರವರಿಯಲ್ಲಿ ಹಾಗೆಂದು ಬರೆದಿದ್ದ. ಅದನ್ನು ಓದಿಯೂ ಅವನ ತಲೆಗೆ ನನ್ನ ತಪ್ಪನ್ನು ಕಟ್ಟಿದೆ.

ಸಿಮೆಂಟಿಗೆ ಅದೇ ಬಂಡೆಯ ಪುಡಿ ಬೆರೆಸಿದೆ. ಬಣ್ಣ ಹೊಂದಿಸಲು ಮೂರು ಸಂಜೆ ಹಿಡಿಯಿತು. ಜನರ ಹಲ್ಲಿಗೆ ಬಣ್ಣ ನೋಡುವ ಹಾಗೆ ಹದಿನಾಲ್ಕು ಚೂರು ಮಾಡಿ ಬಿಸಿಲಿನಲ್ಲಿಟ್ಟು ನೋಡಿದೆ. ಮೊದಲನೆಯದು ಒರಟು ಕೆಲಸ. ಎರಡನೆಯದರ ಹೊತ್ತಿಗೆ ಕೈ ಪಳಗಿತ್ತು. ಅಲ್ಲಿ ನನ್ನನ್ನು ಹಿಡಿದದ್ದು ಬೆಣೆಯೆಂದು, ಅದನ್ನು ಮೇಲಿನಿಂದ ನಾನೇ ಬಿಡಿಸಿಕೊಂಡೆನೆಂದು ಹೇಳಬೇಕಾದರೆ ಬೆಣೆ ಕೂರುವ ಜಾಗವೊಂದು ಇರಬೇಕಿತ್ತು. ಆದ್ದರಿಂದ ಮಾಡಿದೆ. ಮೇಲೆ ಅಗಲ, ಕೆಳಗೆ ಕಿರಿದು, ಒಳಗೋಡೆಗೆ ಹರಳಿನ ಒರಟು. ನಾನು ಕಟ್ಟಿದ ಹಲ್ಲುಗಳಲ್ಲಿ ಅಷ್ಟು ಚೆನ್ನಾಗಿ ಕೂತದ್ದು ಇನ್ನೊಂದಿಲ್ಲ. ಅದರ ಹಿಂದೆ ಎಷ್ಟು ಗಟ್ಟಿ ಇದೆಯೆಂದು ನನಗೆ ಗೊತ್ತಿಲ್ಲ. ನಿನ್ನ ಭಾರವನ್ನು ಅದು ಒಂದು ಗಳಿಗೆ ಹಿಡಿದೀತು, ನೀನು ನಂಬುವಷ್ಟು ಹೊತ್ತು. ಆಮೇಲೆ ಹಗ್ಗ ಬಿಗಿಯುವುದು ನೀನು ಅರವತ್ತರ ಬೆಣೆಯನ್ನೂ ದಾಟಿ ಇಪ್ಪತ್ತೆಂಟಡಿ ಕೆಳಗೆ ಬಿದ್ದ ಮೇಲೆ. ಅಷ್ಟರೊಳಗೆ ನಲವತ್ತಡಿಯ ಚಪ್ಪಡಿ ಸಿಗುತ್ತದೆ.

ಬೆಣೆಯ ಅಂಚಿನಿಂದ ತಟ್ಟಿ ನೋಡು. ಬಂಡೆ ‘ಟಣ್’ ಎನ್ನುತ್ತದೆ. ಅದು ‘ಟಪ್’ ಎನ್ನುತ್ತದೆ.

ಅಪ್ಪ


ಏಪ್ರಿಲ್ ೨೨

ಅಪ್ಪನಿಗೆ,

ಬಸ್ಸು ನಿಲ್ದಾಣದ ಬೆಂಚಿನಲ್ಲಿ ನಿನ್ನನ್ನು ಕಿಟಕಿಯಿಂದ ನೋಡಿದೆ. ಕಾಗದವನ್ನು ಪೂರ್ತಿ ಓದಿದ ಮೇಲೂ ನೀನು ಅಲ್ಲೇ ಇದ್ದೆ. ಬರಬೇಕೆನಿಸಲಿಲ್ಲ, ಬರಲಿಲ್ಲ.

ಸಂಜೆ ಮಾವನ ಮನೆಗೆ ಹೋದೆ. ಬಾಗಿಲು ತೆರೆದು ನಿಂತರು. ಏನು ಹೇಳಬೇಕೋ ತಿಳಿಯದೆ ನಿನ್ನ ಕಾಗದವನ್ನೇ ಕೈಗೆ ಕೊಟ್ಟೆ. ನಿಂತಲ್ಲೇ ಓದಿದರು. ‘ಆ ಕೈಯನ್ನು ಅವನು ಇಂದಿಗೂ’ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. ಮಡಚಿ ವಾಪಸು ಕೊಟ್ಟು, “ಭಾನುವಾರ ಎಷ್ಟು ಗಂಟೆಗೆ?” ಎಂದು ಕೇಳಿದರು. ಅಷ್ಟೇ. ನಾನು ಥೂ ಎಂದದ್ದರ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಏರಿದೆ. ಕೆಳಗಿನ ಅರವತ್ತಡಿ ಸಲೀಸು: ಕೈ ತೂರಿಸಿ, ಹೆಬ್ಬೆರಳು ಮಡಚಿ, ಬಿರುಕಿನೊಳಗೆ ಮುಷ್ಟಿ ಉಬ್ಬಿಸಿ, ಪಾದವನ್ನು ಓರೆಯಾಗಿ ತುರುಕಿ ತಿರುಚಿ, ಎದ್ದು ನಿಲ್ಲುವುದು, ಮತ್ತೆ ಅದೇ. ಎಪ್ಪತ್ತರಲ್ಲಿ ನಿನ್ನ ಒರಟು ಕೆಲಸ ಸಿಕ್ಕಿತು. ಬೆಣೆ ಬಿಡಿಸುವ ಕೊಕ್ಕೆಯಿಂದ ಮೀಟಿದೆ. ಮೂರನೆಯ ಮೀಟಿಗೆ ಇಡಿಯಾಗಿ ಕಳಚಿ ಕೆಳಗೆ ಹೋಯಿತು. ಮಾವ ತಲೆ ತಗ್ಗಿಸಿದರು, ಹಗ್ಗ ಬಿಡಲಿಲ್ಲ. ಅದರ ಹಿಂದೆ ನಿನ್ನ ಮೊಳೆ ಮಾಡಿದ ತೂತು. ಅದರಲ್ಲಿ ನನ್ನ ಬೆಣೆ ಕೂತಿತು. ಜಗ್ಗಿದೆ, ನೇತಾಡಿದೆ, ಅಲುಗಲಿಲ್ಲ. ಎಂಬತ್ತೆಂಟರಲ್ಲೂ ಹಾಗೆಯೇ, ಆದರೆ ಅದನ್ನು ಕೀಳಲು ಅರ್ಧ ಗಂಟೆ ಹಿಡಿಯಿತು. ಒಂದು ಕೈ ಬಿರುಕಿನಲ್ಲಿ, ಒಂದು ಕೈ ಕೊಕ್ಕೆಯಲ್ಲಿ. ತಟ್ಟಿ ನೋಡದಿದ್ದರೆ ಎಂದಿಗೂ ಗೊತ್ತಾಗುತ್ತಿರಲಿಲ್ಲ. ನಾನು ಅಷ್ಟು ಚೆಂದದ ಕಚ್ಚನ್ನು ನಿಜವಾದ ಬಂಡೆಯಲ್ಲಿ ಕಂಡಿಲ್ಲ.

ಗಾಯವನ್ನು ಹಾಗೆಯೇ ಬಿಟ್ಟಿದ್ದರೆ ಮುಂದೆ ಬಂದವರೆಲ್ಲರ ಜೀವ ಅದರಲ್ಲಿ ಸುರಕ್ಷಿತವಾಗಿರುತ್ತಿತ್ತು. ನೀನು ಹೊಡೆದದ್ದರಿಂದ ನನಗೆ ಏನೂ ಆಗುತ್ತಿರಲಿಲ್ಲ ಅಪ್ಪ. ಮುಚ್ಚಿದ್ದರಿಂದ ಸಾಯುತ್ತಿದ್ದೆ.

ಹೊಸ ಕೈಪಿಡಿಯ ಕೆಲಸವನ್ನು ಸಂಘದವರು ಮಾವನಿಗೆ ಮರಳಿ ಕೊಟ್ಟಿದ್ದಾರೆ. ಓರೆಬಿರುಕಿನ ಕೆಳಗೆ ಏನು ಬರೆಯಬೇಕೆಂದು ಅವರು ನನ್ನನ್ನು ಕೇಳಿದರು. ‘ಮೊದಲು ಏರಿದ್ದು ಎರಡು ಮೊಳೆಗಳ ಆಧಾರದಿಂದ’ ಎಂದು ಬರೆಯಿರಿ ಎಂದೆ. ನಿನ್ನ ಹೆಸರು ಇರುತ್ತದೆ. ಅಮ್ಮನಿಗೆ ಹೇಳುವ ಕೆಲಸ ನಿನ್ನದು. ನಾನೂ ಮಾವನೂ ಹೇಳುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಹನ್ನೆರಡು ದಿನದಿಂದ ಅದೇ ತಲೆಯಲ್ಲಿದೆ. ಮೊಳೆ ಒಂದೇ ಆಗಿದ್ದು, ಮಾವನಿಗೆ ಎಲ್ಲವೂ ಗೊತ್ತಿದ್ದು, ಅವರು ಹೊತ್ತ ಸುಳ್ಳು ನನ್ನನ್ನು ಉಳಿಸಲು ಸಾಕಾಗಿದ್ದರೆ, ನಾನು ಅವರ ಮುಖಕ್ಕೆ ಥೂ ಎಂದದ್ದನ್ನು ತಿಳಿದೂ, ಅವರು ಹಾಗೆಯೇ ಸಾಯುವವರೆಗೆ ನೀನು ಸುಮ್ಮನಿರುತ್ತಿದ್ದೆಯಾ? ನಿನ್ನ ಕಾಗದ ನನಗೆ ಬರುತ್ತಿತ್ತೇ?

ಉತ್ತರ ಬರುವವರೆಗೆ ನಾನು ಮನೆಗೆ ಬರುವುದಿಲ್ಲ. ಒಳ್ಳೆಯ ಉತ್ತರ ಬೇಕಿಲ್ಲ.

ಮಗಳು


ಜೂನ್ ೩೦

ಮಗಳೇ,

ನಿಮ್ಮಮ್ಮನಿಗೆ ನಿನ್ನೆ ಹೇಳಿದೆ. ಇವತ್ತು ಬೆಳಿಗ್ಗೆ ಅವಳು ಅಣ್ಣನ ಮನೆಗೆ ಹೊರಟುಹೋದಳು. ಯಾವಾಗ ಬರುತ್ತಾಳೆಂದು ಹೇಳಲಿಲ್ಲ, ನಾನು ಕೇಳಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಬರುತ್ತಿರಲಿಲ್ಲ.

ಅಪ್ಪ